ಪನೀರಿಗೆ ಹೊಗೆ: ಯಾವ ಕಟ್ಟಿಗೆ, ಎಷ್ಟು ಹೊತ್ತು?

ನಮ್ಮ ಮನೆಗಳಲ್ಲಿ ಧುಂಗಾರ್ ಹೊಸದಲ್ಲ. ಕೀಮಾ, ಕಬಾಬ್, ದಾಲ್, ಬೈಂಗನ್ ಭರ್ತಾ ಇವುಗಳ ನಡುವೆ ಒಂದು ಬಟ್ಟಲಿಟ್ಟು, ಅದರಲ್ಲಿ ಕೆಂಡ ಹಾಕಿ, ತುಪ್ಪದ ಹನಿ ಬಿಟ್ಟು ಮುಚ್ಚಳ ಮುಚ್ಚುವುದನ್ನು ನಿಮ್ಮ ಅಜ್ಜಿಯೂ ಮಾಡಿರುತ್ತಾರೆ. ಈಗ ಅದು ಪನೀರ್ ಮತ್ತು ಚೀಸ್‌ಗೂ ಬಂದಿದೆ. ಇಫ್ತಾರಿನ ತಟ್ಟೆಯಲ್ಲಿ ಹೊಗೆ ಹಿಡಿದ ಪನೀರ್ ಇದ್ದರೆ ಮಕ್ಕಳು ಮೊದಲು ಅದಕ್ಕೇ ಕೈ ಹಾಕುತ್ತಾರೆ. ರುಚಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊಗೆ ಎಂಬುದು ಮಸಾಲೆಯಂತೆ ಡಬ್ಬಿಯಿಂದ ತೆಗೆದು ಉದುರಿಸುವ ವಸ್ತುವಲ್ಲ. ಯಾವುದನ್ನು ಸುಡುತ್ತೀರೋ ಅದು ನಿಮ್ಮ ಊಟದ ಮೇಲೂ, ಶ್ವಾಸಕೋಶದೊಳಗೂ ಕೂರುತ್ತದೆ.

ಹಾಲನ್ನು ಹೆಪ್ಪುಗಟ್ಟಿಸಿ ಹೊಗೆಯಲ್ಲಿಡುವ ಪದ್ಧತಿ ನಮ್ಮ ದೇಶದಲ್ಲೇ ಇದೆ. ಪಶ್ಚಿಮ ಬಂಗಾಳದ ಹೂಗ್ಲಿ ನದಿಯ ದಡದಲ್ಲಿರುವ ಬ್ಯಾಂಡೆಲ್ ಎಂಬ ಊರಿನ ಹೆಸರಿನಲ್ಲಿ ಪುಟ್ಟ ಬಿಲ್ಲೆಯಂಥ ಚೀಸ್ ಇದೆ. ಪೋರ್ಚುಗೀಸರ ಕಾಲದ ಬಳುವಳಿ. ಹೊಗೆ ಹಿಡಿಸಿದ್ದು ಒಂದು ಬಗೆ, ಸಾದಾ ಇನ್ನೊಂದು ಬಗೆ. ಉಪ್ಪು ಎಷ್ಟೆಂದರೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿಟ್ಟು ತಿನ್ನಬೇಕು. ಫ್ರಿಜ್ ಇಲ್ಲದ ಕಾಲದಲ್ಲಿ ಉಪ್ಪು, ಒಣಗಿಸುವಿಕೆ, ಹೊಗೆ ಮೂರೂ ಸೇರಿ ಅದನ್ನು ಕಾಪಾಡುತ್ತಿದ್ದವು. ಹೊಗೆ ಒಂದೇ ಕಾಪಾಡುವುದಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಿ, ಮುಂದೆ ಬೇಕಾಗುತ್ತದೆ.

ಕಟ್ಟಿಗೆಯ ವಿಷಯಕ್ಕೆ ಬರೋಣ. ಮರದಲ್ಲಿ ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಅಂಶಗಳಿವೆ. ಮೊದಲ ಎರಡು ಸುಟ್ಟಾಗ ಹುಳಿ ಆವಿಗಳು ಮತ್ತು ಪನೀರಿಗೆ ಬಂಗಾರದ ಬಣ್ಣ ಕೊಡುವ ಪದಾರ್ಥಗಳು ಹುಟ್ಟುತ್ತವೆ. ನಾವು ‘ಹೊಗೆಯ ಘಮ’ ಎನ್ನುವುದು ಬಹುಪಾಲು ಲಿಗ್ನಿನ್‌ನಿಂದ ಬರುತ್ತದೆ. ಕಟ್ಟಿಗೆ ಜ್ವಾಲೆಯಿಲ್ಲದೆ ನಿಧಾನವಾಗಿ ಹೊಗೆಯಾಡಿದರೆ ಈ ಘಮ ಚೆನ್ನಾಗಿ ಬರುತ್ತದೆ. ಉರಿ ಜೋರಾಗಿ ಶಾಖ ಏರಿದಂತೆ ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕ ಪದಾರ್ಥಗಳು ಹೆಚ್ಚುತ್ತವೆ. ಯುರೋಪಿನಲ್ಲಿ ಹೊಗೆ ಹಿಡಿಸಿದ ಮಾಂಸಕ್ಕೆ ಇದರ ಮಿತಿಯನ್ನು ಒಂದು ಕಿಲೋಗೆ 2 ಮೈಕ್ರೋಗ್ರಾಂ ಎಂದು ಇಟ್ಟಿದ್ದಾರೆ. ಎಷ್ಟು ಸೂಕ್ಷ್ಮ ಪ್ರಮಾಣದ ಮಾತು ನೋಡಿ.

ಚೀಸ್ ಮತ್ತು ಪನೀರಿನಲ್ಲಿ ಕೊಬ್ಬು ಹೆಚ್ಚು. ಕೊಬ್ಬು ಹೊಗೆಯನ್ನು ಬೇಗ ಹೀರುತ್ತದೆ. ಆದ್ದರಿಂದ ಇವುಗಳಿಗೆ ಸೌಮ್ಯ ಹೊಗೆಯ ಮರವೇ ಬೇಕು. ಹಣ್ಣಿನ ಮರಗಳಲ್ಲಿ ಮಾವು ಮತ್ತು ಸೀಬೆ ನನ್ನ ಮೊದಲ ಆಯ್ಕೆ. ಎರಡೂ ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ, ಹೊಗೆ ತೆಳು, ಸ್ವಲ್ಪ ಸಿಹಿ ವಾಸನೆ. ಹುಣಸೆ, ಕರಿಜಾಲಿಯ ಕೆಂಡ ಬಹಳ ಕಾವು ಕೊಡುತ್ತದೆ. ಸೀಖ್ ಕಬಾಬ್‌ಗೆ ಅದು ಸರಿ, ಪನೀರಿಗೆ ಬೇಡ. ಕರಾವಳಿಯವರಿಗೆ ತೆಂಗಿನ ಗೆರಟೆಯ ಇದ್ದಿಲು ಇದೆ. ಅದನ್ನು ಪೂರ್ತಿ ಇದ್ದಿಲಾದ ಮೇಲೆ ಬಳಸಿ, ಹಸಿ ಗೆರಟೆಯ ಹೊಗೆ ಕಟು.

ಯಾವ ಮರವಾದರೂ ತೊಗಟೆ ತೆಗೆದು, ನೆರಳಿನಲ್ಲಿ ಕೆಲವು ತಿಂಗಳು ಒಣಗಿಸಿರಬೇಕು. ಹಸಿ ಕಟ್ಟಿಗೆ ದಟ್ಟವಾದ ಹಳದಿ ಮಿಶ್ರಿತ ಬಿಳಿ ಹೊಗೆ ಬಿಡುತ್ತದೆ. ಹಳೆಯ ಅಡುಗೆ ಮನೆಯ ಜಂತಿಯಿಂದ ಜೋತುಬೀಳುತ್ತಿದ್ದ ಇಲ್ಲಣ ನೆನಪಿದೆಯೇ? ಅದೇ ಕಹಿ ಜಿಡ್ಡು ಪನೀರಿನ ಮೇಲೆ ಕೂರುತ್ತದೆ. ಕಣ್ಣಿಗೆ ಕಂಡೂ ಕಾಣದಂಥ ತೆಳು ನೀಲಿ ಹೊಗೆ ಬಂದಾಗ ಮಾತ್ರ ಪನೀರ್ ಇಡಿ. ಬೂಷ್ಟು ಹಿಡಿದ ಕಟ್ಟಿಗೆಯನ್ನು ಮುಟ್ಟಲೇಬೇಡಿ.

ಬಳಸಬಾರದ್ದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ತಪ್ಪಾಗುವುದು ಇಲ್ಲಿಯೇ. ಸಾಮಾನು ಬಂದ ಪೆಟ್ಟಿಗೆಯ ಹಲಗೆ ಸಾಮಾನ್ಯವಾಗಿ ಪೈನ್ ಮರದ್ದು. ರಾಳ ತುಂಬಿರುತ್ತದೆ, ಹುಳ ಹಿಡಿಯದಂತೆ ಔಷಧಿ ಹಾಕಿರುವುದೂ ಉಂಟು. ಪ್ಲೈವುಡ್ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇದೆ. ಬಣ್ಣ, ವಾರ್ನಿಶ್ ಬಳಿದ ಹಳೆಯ ಕಿಟಕಿ ಬಾಗಿಲಿನ ಚೂರುಗಳಲ್ಲಿ ಸೀಸವಿರಬಹುದು. ಮರಗೆಲಸದ ಅಂಗಡಿಯ ಹೊಟ್ಟು ಪುಕ್ಕಟೆ ಸಿಗುತ್ತದೆಂದು ತರಬೇಡಿ, ಅದರಲ್ಲಿ ಇವೆಲ್ಲದರ ಪುಡಿಯೂ ಬೆರೆತಿರುತ್ತದೆ. ನೀಲಗಿರಿ ಮರದ ಎಣ್ಣೆ ಮತ್ತು ಬೇವಿನ ಕಹಿ ಎರಡೂ ಊಟಕ್ಕೆ ಸಲ್ಲವು. ಕಣಗಿಲೆ ಹೃದಯಕ್ಕೆ ವಿಷ. ಅದರ ಕಡ್ಡಿಯನ್ನು ಕೆದಕಲೂ ಬಳಸಬೇಡಿ. ಗೇರುಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆ, ನಿಜ. ಆದರೆ ಅದರ ಎಣ್ಣೆ ಚರ್ಮವನ್ನು ಸುಡುತ್ತದೆ, ಹೊಗೆ ಕಣ್ಣು ಗಂಟಲನ್ನು ಕೆರಳಿಸುತ್ತದೆ. ನಮ್ಮ ಯುನಾನಿಯ ಬಲಾದುರ್, ಅಂದರೆ ಕಾಡುಗೇರು, ಅದೇ ಕುಲದ್ದು. ಅದನ್ನು ಶುದ್ಧಿ ಮಾಡುವಾಗ ಹಕೀಮರು ಮುಖ ಕೈ ಮುಚ್ಚಿಕೊಳ್ಳುವುದು ಸುಮ್ಮನೆ ಅಲ್ಲ.

ಇನ್ನೊಂದು ನಮ್ಮ ಮನೆಗಳಿಗೇ ವಿಶೇಷವಾದ ತಪ್ಪು. ಅತ್ತರಿನ ಅಂಗಡಿಯಲ್ಲಿ ಲೋಬಾನ್ ಹಾಕಲು ದುಂಡನೆಯ ಇದ್ದಿಲ ಬಿಲ್ಲೆ ಸಿಗುತ್ತದಲ್ಲ, ಬೆಂಕಿಕಡ್ಡಿ ತೋರಿಸಿದರೆ ಚಿಟಪಟ ಎಂದು ತಾನೇ ಹೊತ್ತಿಕೊಳ್ಳುವಂಥದ್ದು? ಹಾಗೆ ಹೊತ್ತಿಕೊಳ್ಳಲು ಅದರಲ್ಲಿ ಪೆಟ್ಲುಪ್ಪು (ಶೋರಾ) ಬೆರೆಸಿರುತ್ತಾರೆ. ಅದು ಪಟಾಕಿಯ ಮದ್ದಿನಲ್ಲಿರುವ ವಸ್ತು. ಆ ಬಿಲ್ಲೆ ಲೋಬಾನ್‌ಗೆ ಮಾತ್ರ ಇರಲಿ. ಧುಂಗಾರ್‌ಗೆ ಮರದ ಸಾದಾ ಇದ್ದಿಲು ತನ್ನಿ. ಸೀಮೆಎಣ್ಣೆ ಸುರಿದು ಹೊತ್ತಿಸಬೇಡಿ.

ಈಗ ಮಾಡುವ ಕ್ರಮ. ಪನೀರ್ ಮನೆಯದಾದರೆ ಹಾಲನ್ನು ಚೆನ್ನಾಗಿ ಕುದಿಸಿಯೇ ಒಡೆಯಿರಿ. ಹೊಗೆ ರೋಗಾಣುಗಳನ್ನು ಕೊಲ್ಲುತ್ತದೆಂದು ನಂಬಿ ಹಸಿ ಹಾಲಿನದನ್ನು ತಿಂದರೆ ಬ್ರೂಸೆಲ್ಲಾ ಜ್ವರ ಬರಬಹುದು. ಗರ್ಭಿಣಿಗೆ ಲಿಸ್ಟೀರಿಯಾ ತಗುಲಿದರೆ ಮಗುವಿಗೇ ಅಪಾಯ. ಪನೀರ್ ಒತ್ತಿ ನೀರಿಳಿಸಿ, ಬಟ್ಟೆಯಲ್ಲಿ ಒರೆಸಿ, ಒಂದೆರಡು ಗಂಟೆ ಫ್ರಿಜ್ಜಿನಲ್ಲಿ ತೆರೆದಿಡಿ. ಮೇಲ್ಮೈ ಒಣಗಿದ್ದರೆ ಹೊಗೆ ಹದವಾಗಿ ಹಿಡಿಯುತ್ತದೆ, ಒದ್ದೆಯಿದ್ದರೆ ಹುಳಿಯಾಗಿ ಅಂಟುತ್ತದೆ. ಪಾತ್ರೆಯ ನಡುವೆ ಸ್ಟೀಲಿನ ಬಟ್ಟಲಲ್ಲಿ ಬೂದಿ ಕವಿದ ಕೆಂಡವಿಟ್ಟು, ಮೇಲೆ ಸೀಬೆ ಅಥವಾ ಮಾವಿನ ನಾಲ್ಕೈದು ಚಕ್ಕೆ ಹಾಕಿ, ಮುಚ್ಚಿ. ಐದು ನಿಮಿಷ ಸಾಕು. ತುಪ್ಪ ಬೇಕೆಂದರೆ ಕಾಲು ಚಮಚ. ಕೆಂಡದ ಮೇಲೆ ಕೊಬ್ಬು ಬಿದ್ದಾಗ ಏಳುವ ಹೊಗೆಯಲ್ಲೇ ಆ ಕೆಟ್ಟ ಪದಾರ್ಥಗಳು ಹೆಚ್ಚು. ದಿನಾ ಅಲ್ಲ, ತಿಂಗಳಿಗೆ ಒಂದೆರಡು ಬಾರಿ ಎಂದುಕೊಳ್ಳಿ. ಅಂದೇ ಅಥವಾ ಮರುದಿನ ತಿಂದು ಮುಗಿಸಿ.

ವಿದೇಶಗಳಲ್ಲಿ ಮಾಡುವಂತೆ ಗಂಟೆಗಟ್ಟಲೆ ತಣ್ಣನೆಯ ಹೊಗೆಯಲ್ಲಿಡುವುದು ಪನೀರಿಗೆ ಬೇಡವೇ ಬೇಡ. ಪನೀರಿನಲ್ಲಿ ನೀರು ಹೆಚ್ಚು, ಉಪ್ಪಿಲ್ಲ. ನಮ್ಮ ಬೇಸಿಗೆಯ ಶಾಖದಲ್ಲಿ ಅದು ಹೊಗೆ ಹಿಡಿಯುವ ಮೊದಲೇ ಕೆಡುತ್ತದೆ. ಗಟ್ಟಿ ಚೀಸ್ ಆದರೆ ಡಿಸೆಂಬರ್, ಜನವರಿಯ ಮುಂಜಾನೆ, ಕೆಳಗೆ ಮಂಜುಗಡ್ಡೆಯ ತಟ್ಟೆ ಇಟ್ಟು, ಅರ್ಧದಿಂದ ಒಂದು ಗಂಟೆ ಇಡಬಹುದು. ಒಳಗಿನ ಶಾಖ 30 ಡಿಗ್ರಿ ದಾಟಬಾರದು. ಚೀಸ್ ಎಣ್ಣೆ ಬೆವರತೊಡಗಿದರೆ ತೆಗೆದುಬಿಡಿ. ತೆಗೆದ ದಿನ ಅದು ಒಗರು. ಕಾಗದ ಸುತ್ತಿ ಫ್ರಿಜ್ಜಿನಲ್ಲಿ ಒಂದು ವಾರ ಬಿಟ್ಟರೆ ರುಚಿ ಕೂಡಿಕೊಳ್ಳುತ್ತದೆ. ಇದಕ್ಕೆ ಬಣ್ಣದ ಡಬ್ಬಿ, ಸತು ಲೇಪದ ತಗಡಿನ ಡ್ರಮ್ ಬಳಸಬೇಡಿ.

ಚೀಸ್ ಹಲಾಲ್ ಹೌದೇ ಎಂದು ಹಲವರು ಕೇಳುತ್ತಾರೆ. ತಬೂಕಿನಲ್ಲಿ ಪ್ರವಾದಿಯವರ(ಸ) ಮುಂದೆ ಚೀಸ್ ತಂದಾಗ ಅವರು ಅಲ್ಲಾಹನ ಹೆಸರು ಹೇಳಿ ಅದನ್ನು ಕತ್ತರಿಸಿದ ವರದಿ ಹದೀಸಿನಲ್ಲಿದೆ. ಪ್ರಶ್ನೆ ಇರುವುದು ಹಾಲು ಹೆಪ್ಪುಗಟ್ಟಿಸಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್ ಬಗ್ಗೆ. ಹಸಿರು ಚುಕ್ಕೆ ಇರುವ ಚೀಸ್‌ನಲ್ಲಿ ಪ್ರಾಣಿಯ ರೆನೆಟ್ ಇರುವಂತಿಲ್ಲ. ಆಮದಾದದ್ದಾದರೆ ಲೇಬಲ್ ಓದಿ, ಸಂಶಯವಿದ್ದರೆ ಉಲಮಾಗಳನ್ನು ಕೇಳಿ. ಪನೀರನ್ನು ನಿಂಬೆ ಅಥವಾ ವಿನೆಗರ್‌ನಿಂದ ಒಡೆಯುವುದರಿಂದ ಅಲ್ಲಿ ಈ ಪ್ರಶ್ನೆಯೇ ಇಲ್ಲ. ನಮ್ಮ ಔಷಧಾಲಯಗಳಲ್ಲಿರುವ ಪನೀರ್ ಡೋಡಿ ಎಂಬ ಕಾಯಿಯೂ ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಅದರ ಹೆಸರೇ ಅಲ್ಲಿಂದ ಬಂದಿದೆ.

ಯುನಾನಿ ಲೆಕ್ಕದಲ್ಲಿ ತಾಜಾ ಪನೀರ್ ಶೀತ ಮತ್ತು ತೇವದ ಪ್ರಕೃತಿಯದು. ಹಳೆಯ, ಉಪ್ಪಿನ ಚೀಸ್ ಉಷ್ಣ ಮತ್ತು ಶುಷ್ಕ, ದಾಹ ಹೆಚ್ಚಿಸುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನದನ್ನು ಬಿಡಿ. ಸಹರಿಗಂತೂ ಬೇಡ.

ಕೊನೆಯದಾಗಿ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಧುಂಗಾರ್ ಮುಗಿದ ಮೇಲೆ ಆ ಕೆಂಡ ಎಲ್ಲಿಗೆ ಹೋಗುತ್ತದೆ? ಎಷ್ಟೋ ಮನೆಗಳಲ್ಲಿ ಅದನ್ನು ಲೋಬಾನ್ ಹಾಕಿ ಬಾಣಂತಿಯ ಕೋಣೆಗೆ ಒಯ್ಯುತ್ತಾರೆ. ಚಳಿಯೆಂದು ಕಿಟಕಿ ಮುಚ್ಚಿ, ಮಂಚದ ಕೆಳಗೇ ಇಡುತ್ತಾರೆ. ಹೊಗೆಯಿಲ್ಲದ ಕೆಂಡ ನಿರುಪದ್ರವಿ ಎಂಬ ನಂಬಿಕೆ. ಅದು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಹಸುಗೂಸು ಹೇಳಲಾರದು. ಒಂದೇ ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಹೊರಗೆ ಬಂದಾಗ ಕಡಿಮೆಯಾದರೆ ಅದನ್ನು ನಜರ್ ಎಂದೋ ಪಿತ್ತವೆಂದೋ ಬಿಡಬೇಡಿ. ಕೊರೊನಾ ಕಾಲದಲ್ಲಿ ಕೊಂಡ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ವಿಷವೇರಿದ್ದರೂ ಸರಿಯಾದ ಅಂಕಿಯನ್ನೇ ತೋರಿಸಬಲ್ಲದು. ಇದಕ್ಕೆ ನನ್ನ ಬಳಿ ಯಾವ ಜೋಶಾಂದವೂ ಇಲ್ಲ. ಎಲ್ಲರನ್ನೂ ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ಆಸ್ಪತ್ರೆಯ ಆಮ್ಲಜನಕವೇ ಮದ್ದು.

ಹೊಗೆ ಕೊಡುವ ಕೆಲಸವನ್ನು ಅಂಗಳದಲ್ಲೋ ತಾರಸಿಯ ಮೇಲೋ ಮಾಡಿ. ಉಬ್ಬಸವಿರುವವರು, ಗರ್ಭಿಣಿಯರು, ಮಕ್ಕಳು ದೂರವಿರಲಿ. ಮಲಗುವ ಮುನ್ನ ಮನೆಯ ಬೆಂಕಿ ನಂದಿಸಬೇಕೆಂದು ಪ್ರವಾದಿಯವರೇ(ಸ) ಕಲಿಸಿದ್ದಾರೆ. ಉಳಿದ ಕೆಂಡವನ್ನು ಇಕ್ಕಳದಿಂದ ಎತ್ತಿ ಬಕೆಟ್ ನೀರಿಗೆ ಹಾಕಿ, ಚುಂಯ್ ಎಂಬ ಸದ್ದು ಪೂರ್ತಿ ನಿಲ್ಲುವ ತನಕ ಅಲ್ಲೇ ಇರಿ.