ತುಕ್ಕು ರೋಗ ಕಾಫಿಯನ್ನೇ ಏಕೆ ಹಿಡಿಯುತ್ತದೆ?

ಬಣಕಲ್ ಹತ್ತಿರ ನಮ್ಮದು ಎರಡು ಎಕರೆ ಅರೇಬಿಕಾ ತೋಟ. ಹೆಚ್ಚಿನವು ಅಜ್ಜ ನೆಟ್ಟ ಎಸ್.795 ಗಿಡಗಳು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಎಲೆ ಉದುರಿ ರೆಂಬೆಗಳು ಬೋಳಾದವು. ಅಬ್ಬ ಎರಡು ಪ್ರಶ್ನೆ ಕೇಳಿದರು: "ಇದು ಕಾಳುಮೆಣಸಿಗೂ ಹರಡುತ್ತದಾ? ಅರೇಬಿಕಾ ಎಲ್ಲ ಕಿತ್ತು ರೋಬಸ್ಟಾ ಹಾಕಿಬಿಡೋಣವಾ?"

ಮೊದಲನೆಯದಕ್ಕೆ ಉತ್ತರ ಸುಲಭ, ಹರಡುವುದಿಲ್ಲ. ಈ ಶಿಲೀಂಧ್ರದ ಹೆಸರು ಹೆಮಿಲಿಯಾ ವಾಸ್ಟಾಟ್ರಿಕ್ಸ್. ಇದರ ಬೀಜಕಣಗಳು ಗಾಳಿಯಲ್ಲಿ ಹಾರಿ ಮೆಣಸಿನ ಬಳ್ಳಿ, ಸಿಲ್ವರ್ ಮರ, ನಮ್ಮ ತಲೆ ಎಲ್ಲದರ ಮೇಲೂ ಬೀಳುತ್ತವೆ. ಆದರೆ ಬದುಕುವುದು ಕಾಫಿ ಎಲೆಯಲ್ಲಿ ಮಾತ್ರ. ಎಲೆ ಒದ್ದೆಯಾಗಿದ್ದಾಗ ಮೊಳೆತು, ಕೆಳಭಾಗದ ಪತ್ರರಂಧ್ರದ ಮೂಲಕ ಒಳಹೊಕ್ಕು, ಜೀವಕೋಶಕ್ಕೆ ಹೀರುಕೊಳವೆ ಇಳಿಸುತ್ತದೆ. ಕೋಶ ಸತ್ತರೆ ಅದಕ್ಕೂ ಊಟವಿಲ್ಲ. ಹಾಗಾಗಿ ಗಿಡಕ್ಕೆ ಗೊತ್ತಾಗದಂತೆ ಉಣ್ಣಬೇಕು. ಕಾಫಿಯನ್ನು ಏಮಾರಿಸುವ ಆ ವಿದ್ಯೆ ಮೆಣಸಿನ ಹತ್ತಿರ ನಡೆಯುವುದಿಲ್ಲ. (ಅಡಿಕೆಗೂ ಕಾಫಿಗೂ ನಾವು 'ಕೊಳೆರೋಗ' ಎನ್ನುತ್ತೇವಲ್ಲ, ಅಲ್ಲಿಯೂ ಹೆಸರು ಒಂದೇ, ರೋಗಾಣು ಬೇರೆ ಬೇರೆ.)

ತುಕ್ಕು ಜಾತಿಯ ಶಿಲೀಂಧ್ರಗಳೆಲ್ಲ ಹೀಗೆ ಹಟಮಾರಿಗಳು. ಅಮೆರಿಕದ ಬಿಳಿ ಪೈನ್ ಮರಗಳಿಗೆ ಬರುವ ತುಕ್ಕಿಗೆ ಬದುಕು ಪೂರ್ತಿಯಾಗಲು ಪೈನ್ ಜೊತೆಗೆ ಗೂಸ್‌ಬೆರಿ ಕುಲದ ಗಿಡವೂ ಬೇಕು. ಪೈನ್ ಉಳಿಸಲು ಅಲ್ಲಿಯವರು ಆ ಗಿಡಗಳನ್ನು ಹುಡುಕಿ ಹುಡುಕಿ ಕಿತ್ತರು. ಕಾಫಿ ತುಕ್ಕಿಗೆ ಅಂಥ ಎರಡನೇ ಮನೆ ಇದುವರೆಗೆ ಸಿಕ್ಕಿಲ್ಲ.

ಎರಡನೇ ಪ್ರಶ್ನೆಯೇ ಕಷ್ಟದ್ದು. ತುಕ್ಕು ಕಾಫಿಯಲ್ಲೂ ತಳಿ ನೋಡುತ್ತದೆ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಮುಗಿಸಿತು, ತೋಟದವರು ಚಹಾ ನೆಟ್ಟರು. ನಮ್ಮಲ್ಲಿ ತುಕ್ಕು ತಡೆಯುತ್ತದೆಂದು 'ಕೆಂಟ್ಸ್' ತಳಿ ಹಾಕಿದರು. ಕೆಲವು ವರ್ಷಗಳಲ್ಲಿ ಅದಕ್ಕೂ ಹಿಡಿಯಿತು. ಏಕೆಂದು 1930ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ವಿಜ್ಞಾನಿ ಮೇನ್. ಒಂದೇ ತುಕ್ಕಿನಲ್ಲಿ ಹಲವು ಉಪತಳಿಗಳಿದ್ದು, ಒಂದು ಸೋತ ಕಡೆ ಇನ್ನೊಂದು ಗೆಲ್ಲುತ್ತದೆ. ಗಿಡದ ಜೀನ್ ಒಂದು ಬಗೆಯ ಕಳ್ಳನ ಗುರುತು ಹಿಡಿದು ಆ ಕೋಶವನ್ನೇ ಸಾಯಿಸಿ ಅವನನ್ನು ಉಪವಾಸ ಕೆಡವುತ್ತದೆ. ಕಳ್ಳ ವೇಷ ಬದಲಿಸಿದರೆ ಗುರುತು ಸಿಗುವುದಿಲ್ಲ. ಅಜ್ಜನ 795ಕ್ಕೆ ಲಿಬೆರಿಕಾ ಕಾಫಿಯಿಂದ ಬಂದ ಒಳ್ಳೆಯ ಕಾವಲು ಜೀನ್ ಇತ್ತು. ಅದನ್ನೂ ದಾಟುವ ತುಕ್ಕು ಬಂತು.

ರೋಬಸ್ಟಾ ತುಕ್ಕನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಆ ಶಕ್ತಿಯನ್ನು ಅರೇಬಿಕಾಕ್ಕೆ ತಂದದ್ದು ಟಿಮೋರ್ ದ್ವೀಪದಲ್ಲಿ ತಾನಾಗಿ ಹುಟ್ಟಿದ ಒಂದು ಮಿಶ್ರತಳಿ. ಈಗಿನ 'ಚಂದ್ರಗಿರಿ' ಅದರ ವಂಶದ್ದು. ಇದನ್ನೆಲ್ಲ ಹೇಳಿದಾಗ ಅಬ್ಬ ಕೇಳಿದರು, "ಚಂದ್ರಗಿರಿ ಎಷ್ಟು ವರ್ಷ ತಡೆಯುತ್ತೆ?" ಅದನ್ನು ಯಾರೂ ಬರೆದುಕೊಡುವುದಿಲ್ಲ ಎಂದೆ.

ಕೊನೆಗೆ ಕೆಳಗಿನ ಅರ್ಧ ಎಕರೆಗೆ ಚಂದ್ರಗಿರಿ ಸಸಿ ತರುವುದೆಂದಾಯಿತು. ಮೇಲಿನ 795 ಗಿಡಗಳಿಗೆ ಮಳೆಗೆ ಮುಂಚೆ ಬೋರ್ಡೋ ಹೊಡೆಯಬೇಕು. ಅಜ್ಜ ನೆಟ್ಟದ್ದನ್ನು ಕೀಳಲು ಅಬ್ಬನಿಗೆ ಮನಸ್ಸಿಲ್ಲ.