ವರ್ತನೆಯ ಲೆಕ್ಕ

ನಮ್ಮ ಸೀಮೆಯ ಮನೆಮಾತಿನಲ್ಲಿ ‘ವರ್ತನೆ’ ಎಂಬ ಶಬ್ದಕ್ಕೆ ನಡತೆ ಎಂಬ ಅರ್ಥದೊಡನೆ ಇನ್ನೊಂದು ಅರ್ಥವೂ ಉಂಟು. ದಿನವೂ ತಪ್ಪದೆ ಮನೆಬಾಗಿಲಿಗೆ ಹಾಲು ತಂದು ಹಾಕುವುದು ಹಾಲಿನ ವರ್ತನೆ. ಸಂಜೆಯ ಹೊತ್ತು ಹೂವಾಡಗಿತ್ತಿ ಮೊಳ ಹೂವು ಕೊಟ್ಟುಹೋಗುವುದು ಹೂವಿನ ವರ್ತನೆ. ಸಂಸ್ಕೃತದ ‘ವೃತ್’ ಧಾತುವಿಗೆ ಇರುವಿಕೆ, ತಿರುಗುವಿಕೆ ಎಂಬ ಅರ್ಥಗಳಿರುವುದರಿಂದ, ಮರಳಿ ಮರಳಿ ಬರುವ ಈ ಕೊಡುಕೊಳ್ಳುವಿಕೆಗೆ ಆ ಹೆಸರು ಒಪ್ಪುವಂಥದೇ ಆಗಿದೆ. ಪತ್ರಿಕೆಗೆ ಸಲ್ಲಿಸುವ ‘ಚಂದಾ’ ಎಂಬುದಾದರೋ ಪಾರಸಿಯಿಂದ ಬಂದು ನಮ್ಮದಾದ ಮಾತು. ಶಬ್ದಗಳೆರಡಾದರೂ ವಸ್ತು ಒಂದೇ: ನಿಯತಕಾಲಕ್ಕೆ ನಿಯತವಾದ ಹಣ.

ಹಿಂದೆ ಈ ವರ್ತನೆಯ ಲೆಕ್ಕವು ಎಲ್ಲರ ಕಣ್ಣಿಗೂ ಕಾಣುವಂತೆ ಇರುತ್ತಿತ್ತು. ಅಡುಗೆಮನೆಯ ಗೋಡೆಯ ಮೇಲೆ ತಾಯಂದಿರು ಇದ್ದಿಲಿನಿಂದ ಗೀಟೆಳೆಯುತ್ತಿದ್ದರು. ತಿಂಗಳ ಕೊನೆಗೆ ಕೊಡುವವರೂ ಕೊಳ್ಳುವವರೂ ಎದುರುಬದುರು ನಿಂತು ಆ ಗೀಟುಗಳನ್ನು ಎಣಿಸುತ್ತಿದ್ದರು. ಊರಿಗೆ ಹೋಗುವುದಿದ್ದರೆ “ನಾಲ್ಕು ದಿನ ಹಾಲು ಬೇಡಮ್ಮ” ಎಂದರೆ ಮುಗಿಯಿತು. ಮಾಸಪತ್ರಿಕೆಯಾದರೆ ವರ್ಷದ ಕೊನೆಯ ಸಂಚಿಕೆಯ ಹೊದಿಕೆಯ ಮೇಲೆ, ತಮ್ಮ ಚಂದಾ ಇಲ್ಲಿಗೆ ಮುಗಿಯಿತೆಂಬ ಮುದ್ರೆ ಬೀಳುತ್ತಿತ್ತು. ತೀರ್ಥರೂಪರು ಅದನ್ನು ನೋಡಿ, ಈ ವರ್ಷ ಬೇಕೋ ಬೇಡವೋ ಎಂದು ಒಂದೆರಡು ದಿನ ಯೋಚಿಸಿ, ಬೇಕೆಂದಾದರೆ ಅಂಚೆ ಕಚೇರಿಗೆ ನಡೆದು ಮನಿಯಾರ್ಡರು ಮಾಡಿ ಬರುತ್ತಿದ್ದರು.

ಇಂದು ಆ ಕ್ರಮವು ತಲೆಕೆಳಗಾಗಿದೆ. ಚಲನಚಿತ್ರ, ಧಾರಾವಾಹಿ, ಕ್ರಿಕೆಟ್ಟು, ಸಂಗೀತ, ಮಕ್ಕಳ ಪಾಠ, ಕೊನೆಗೆ ತೆಗೆದ ಛಾಯಾಚಿತ್ರಗಳನ್ನು ಕೂಡಿಡುವ ಜಾಗ, ಇವೆಲ್ಲವೂ ಮೊಬೈಲಿನ ಮೂಲಕ ಚಂದಾರೂಪದಲ್ಲಿ ಮನೆಯನ್ನು ಸೇರಿವೆ. ಒಮ್ಮೆ ಒಪ್ಪಿಗೆಯಿತ್ತರೆ ಸಾಕು, ಅವಧಿ ಮುಗಿದಂತೆಲ್ಲ ಅದು ತಾನಾಗಿ ಹೊಸದಾಗುತ್ತದೆ. ಅಂದು ಮುಂದುವರಿಸಬೇಕಾದರೆ ನಡೆಯಬೇಕಿತ್ತು, ಸುಮ್ಮನಿದ್ದರೆ ನಿಲ್ಲುತ್ತಿತ್ತು; ಇಂದು ನಿಲ್ಲಿಸಬೇಕಾದರೆ ಶ್ರಮಪಡಬೇಕು, ಸುಮ್ಮನಿದ್ದರೆ ಮುಂದುವರಿಯುತ್ತದೆ. ಗೃಹಸ್ಥನ ಮರೆವು ಅಂದು ಅವನ ಹಣವನ್ನು ಉಳಿಸುತ್ತಿತ್ತು; ಅದೇ ಮರೆವು ಇಂದು ಕಳೆಯುತ್ತಿದೆ.

ಇದನ್ನು ಪರೋಪದೇಶ ಪಾಂಡಿತ್ಯವೆಂದು ವಾಚಕರು ಭಾವಿಸಬಾರದು. ಕಳೆದ ವರ್ಷ ಆಷಾಢದಲ್ಲಿ ಬ್ಯಾಂಕಿನ ಪಾಸ್‌ಪುಸ್ತಕವನ್ನು ಮುದ್ರಿಸಿಕೊಂಡು ಬಂದು, ಕನ್ನಡಕ ಏರಿಸಿ ಕುಳಿತು ನೋಡಿದಾಗ, 399 ರೂಪಾಯಿಯ ಒಂದೇ ನಮೂದು ಹತ್ತೊಂಬತ್ತು ಸಾರಿ ಕಂಡಿತು. ಮಗನು ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಗ, ಒಂದು ರೂಪಾಯಿಗೆ ಏಳು ದಿನದ ಪಾಠವೆಂಬ ಪ್ರಕಟಣೆಯನ್ನು ನೋಡಿ ನಾನೇ ಒಪ್ಪಿಗೆಯ ಗುಂಡಿಯನ್ನು ಒತ್ತಿದ್ದೆ. ಪರೀಕ್ಷೆ ಮುಗಿಯಿತು, ಹುಡುಗ ಕಾಲೇಜು ಸೇರಿದ, ಆ ಆ್ಯಪನ್ನು ಅಳಿಸಿಯೂ ಹಾಕಿದ್ದ. ಹಣ ಮಾತ್ರ ತಿಂಗಳು ತಿಂಗಳೂ ಹೋಗುತ್ತಲೇ ಇತ್ತು. ಒಟ್ಟು 7,581 ರೂಪಾಯಿ. ಅರ್ಧ ಮಾತ್ರೆಯ ಲಾಘವ ಸಿಕ್ಕರೆ ಮಗ ಹುಟ್ಟಿದಷ್ಟು ಸಂತೋಷಪಡುವವರೆಂದು ವೈಯಾಕರಣರನ್ನು ಕುರಿತು ಹೇಳುವುದುಂಟು. ಅಂಥ ಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಹೇಳಿದವನಿಗೆ ಏಳು ಸಾವಿರ ರೂಪಾಯಿಯ ಗೌರವ ಕಾಣಲಿಲ್ಲ.

ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕುಟುಕಿದ ವಿಷಯ ಬೇರೊಂದಿದೆ. ನಮ್ಮ ಶ್ರೀಮಠದ ಉಚಿತ ಪ್ರಸಾದ ನಿಲಯಕ್ಕೆ 5,000 ರೂಪಾಯಿ ಸಲ್ಲಿಸುವುದಾಗಿ ವಾಗ್ದಾನ ಮಾಡಿ, ಕಾರ್ಯದರ್ಶಿಗಳು ಎರಡು ಸಾರಿ ನೆನಪಿಸಿದಾಗಲೂ “ಈ ವರ್ಷ ಸ್ವಲ್ಪ ಕೈಬಿಗಿ” ಎಂದು ಮುಂದೂಡಿದ್ದೆ. ನಾನು ಸುಳ್ಳಾಡಿರಲಿಲ್ಲ, ಕೈ ನಿಜವಾಗಿಯೂ ಬಿಗಿಯಾಗಿತ್ತು. ಯಾವ ಹಗ್ಗ ಅದನ್ನು ಬಿಗಿದಿತ್ತೆಂಬುದು ಮಾತ್ರ ತಿಳಿದಿರಲಿಲ್ಲ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಆ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ನಾವು ಉಪಾಧ್ಯಾಯರೆಲ್ಲರೂ ತರಗತಿಯಲ್ಲಿ ಬಣ್ಣಿಸುವವರೇ. ಅದರ ಸಂಗ್ರಹವಿರೋಧವನ್ನು ವಿವರಿಸುವ ಭರದಲ್ಲಿ ಒಂದು ಸಣ್ಣ ಸಂಗತಿಯನ್ನು ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಅಕ್ಕಿ ಹೆಚ್ಚಾಗಿದೆಯೆಂದು ಆಕೆಗೆ ತಿಳಿದುದು ಹೇಗೆ? ನಿತ್ಯದ ಅಳತೆ ಆಕೆಯ ಕೈಗೆ ಗೊತ್ತಿತ್ತು. ಅಳತೆಯಿಲ್ಲದ ಮನೆಯಲ್ಲಿ ಹೆಚ್ಚೂ ಕಾಣದು, ಕಡಿಮೆಯೂ ಕಾಣದು.

ಆದ್ದರಿಂದ ಮೊದಲು ಅಳೆಯಬೇಕು. ಒಂದು ತಿಂಗಳ ಲೆಕ್ಕವನ್ನು ನೋಡಿದರೆ ಸಾಲದು, ವರ್ಷಕ್ಕೊಮ್ಮೆ ಕಡಿತವಾಗುವ ಚಂದಾಗಳು ಅದರಲ್ಲಿ ಸಿಗುವುದಿಲ್ಲ. ಹನ್ನೆರಡು ತಿಂಗಳ ಪಾಸ್‌ಪುಸ್ತಕವನ್ನೂ, ಕ್ರೆಡಿಟ್ ಕಾರ್ಡಿದ್ದರೆ ಅದರ ಬಿಲ್ಲುಗಳನ್ನೂ ಮುಂದಿಟ್ಟುಕೊಳ್ಳಬೇಕು. ಪ್ರತಿಯೊಂದು ಚಂದಾವನ್ನೂ ವರ್ಷದ ಮೊತ್ತಕ್ಕೆ ತಂದು ಬರೆಯಬೇಕು. ಇಲ್ಲಿ ಮೊಬೈಲ್ ರೀಚಾರ್ಜಿನ ವಿಷಯದಲ್ಲಿ ಎಚ್ಚರ ಬೇಕು. ಬಳಕೆಯಲ್ಲಿರುವ ಬಹುಪಾಲು ಯೋಜನೆಗಳ ಅವಧಿ ತಿಂಗಳಲ್ಲ, 28 ದಿನ. 365ನ್ನು 28ರಿಂದ ಭಾಗಿಸಿದರೆ ಹದಿಮೂರು ಬರುತ್ತದೆ. ಅಂದರೆ ತಿಂಗಳಿಗೆ 299 ಎಂದುಕೊಂಡವನು ವರ್ಷಕ್ಕೆ ಕೊಡುವುದು 3,588 ಅಲ್ಲ, 3,887. ಮನೆಯಲ್ಲಿ ಮೂರು ಮೊಬೈಲುಗಳಿದ್ದರೆ ಈ ಅಧಿಕಮಾಸವೊಂದಕ್ಕೇ 897 ರೂಪಾಯಿ! ಪಂಚಾಂಗದ ಅಧಿಕಮಾಸವಾದರೂ ಎರಡೂವರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಇದು ಪ್ರತಿ ವರ್ಷವೂ ಬರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರ ಜನವರಿಯಲ್ಲಿ, ಪ್ರತಿ ಕಂಪನಿಯೂ 30 ದಿನ ಅವಧಿಯ ಒಂದು ಯೋಜನೆಯನ್ನಾದರೂ ಇಡಬೇಕೆಂದು ವಿಧಿಸಿತು. ಅದನ್ನು ಕೇಳಿ ಪಡೆಯುವವರು ವಿರಳ.

ಬೆಲೆಯೂ ಒಂದೇ ಸಮನಾಗಿ ಇರುವುದಿಲ್ಲ. 2021ರ ಡಿಸೆಂಬರಿನಲ್ಲಿ ಅಮೆಜಾನ್ ಪ್ರೈಮಿನ ವಾರ್ಷಿಕ ಚಂದಾ 999ರಿಂದ 1,499ಕ್ಕೆ ಏರಿತು. ಅದೇ ತಿಂಗಳು ನೆಟ್‌ಫ್ಲಿಕ್ಸ್ ತನ್ನ ಮೊಬೈಲ್ ಯೋಜನೆಯನ್ನು 199ರಿಂದ 149ಕ್ಕೆ ಇಳಿಸಿತು. ಜಾಹೀರಾತಿನ ಕಾಟವಿಲ್ಲವೆಂದು ಪ್ರೈಮ್ ವಿಡಿಯೊಗೆ ಹಣ ಕೊಡುತ್ತಿದ್ದವರಿಗೆ 2025ರ ಜೂನಿನಿಂದ ಜಾಹೀರಾತು ಕಾಣಿಸಿಕೊಂಡಿತು. ಅದು ಬೇಡವೆಂದರೆ ಬೇರೆ ಹಣ. ವಸ್ತು ಬದಲಾದಾಗ ಒಪ್ಪಿಗೆಯನ್ನು ಮರಳಿ ವಿಚಾರಿಸಿಕೊಳ್ಳುವುದು ನ್ಯಾಯ. ನಾವು ವಿಚಾರಿಸಿಕೊಳ್ಳುವುದಿಲ್ಲ.

ನಿಲ್ಲಿಸುವ ವಿಧಾನವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅನೇಕರು ಎಡವುವುದು ಅಲ್ಲಿಯೇ. ಆ್ಯಪನ್ನು ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಅಂಗಡಿಯ ಕಡೆ ತಿರುಗಿ ನೋಡದಿದ್ದ ಮಾತ್ರಕ್ಕೆ ಅಂಗಡಿಯ ಸಾಲ ತೀರದು ಎಂಬಂತೆ ಇದು. ಮೊದಲು ಆಯಾ ಸೇವೆಯ ಖಾತೆಯೊಳಗೆ ಹೋಗಿ ಚಂದಾವನ್ನು ರದ್ದುಪಡಿಸಬೇಕು. ಮೊಬೈಲಿನ ಪ್ಲೇ ಸ್ಟೋರಿನ ಮೂಲಕ ಕೊಂಡದ್ದಾದರೆ ಅಲ್ಲಿನ ಚಂದಾಗಳ ಪಟ್ಟಿಯಲ್ಲಿ ರದ್ದು ಮಾಡಬೇಕು. ಅನಂತರ ಹಣ ಹೋಗುವ ಬಾಗಿಲನ್ನೂ ಮುಚ್ಚಬೇಕು. ಯುಪಿಐ ಮೂಲಕ ಕೊಟ್ಟ ಅನುಮತಿಗಳು ಹಣ ಪಾವತಿಸುವ ಆ್ಯಪಿನ ‘ಆಟೊಪೇ’ ಎಂಬ ವಿಭಾಗದಲ್ಲಿ ಸಾಲಾಗಿ ಕಾಣುತ್ತವೆ. ಈ ಆಟೊಪೇ ಆರಂಭವಾದುದು 2020ರಲ್ಲಿ. ಕಾರ್ಡಿನಿಂದ ಹೋಗುತ್ತಿದ್ದರೆ ಬ್ಯಾಂಕಿನ ಮೂಲಕ ತೆಗೆಸಬೇಕು. ಅನುಮತಿಯನ್ನು ಮಾತ್ರ ತೆಗೆದು ಸೇವೆಯನ್ನು ಹಾಗೆಯೇ ಬಿಟ್ಟರೆ, ಬ್ರಾಡ್‌ಬ್ಯಾಂಡಿನಂಥ ಕಡೆಗಳಲ್ಲಿ ಬಾಕಿ ಬೆಳೆಯುವ ಸಂಭವವುಂಟು.

ಈ ವಿಷಯದಲ್ಲಿ ಸರ್ಕಾರವೂ ರಿಸರ್ವ್ ಬ್ಯಾಂಕೂ ಸುಮ್ಮನೆ ಕುಳಿತಿಲ್ಲವೆಂಬುದನ್ನು ಹೇಳಬೇಕು. 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಕ್ರಮದಂತೆ, ಇಂಥ ಕಡಿತಕ್ಕೆ 24 ಗಂಟೆಗಳಾದರೂ ಮುಂಚೆ ಖಾತೆದಾರನಿಗೆ ತಿಳುವಳಿಕೆ ಬರಬೇಕು. ಬೇಡವೆನ್ನುವ ಅವಕಾಶವೂ ಅದರಲ್ಲಿರಬೇಕು. ಪ್ರತಿ ಸಾರಿಯೂ ಒಟಿಪಿ ಇಲ್ಲದೆ ಹೋಗಬಹುದಾದ ಮೊತ್ತದ ಮಿತಿಯನ್ನು 2022ರ ಜೂನಿನಲ್ಲಿ 5,000ದಿಂದ 15,000ಕ್ಕೆ ಏರಿಸಲಾಯಿತು. ಸಾಮಾನ್ಯ ಚಂದಾಗಳೆಲ್ಲ ಈ ಮಿತಿಯೊಳಗೇ ಇರುವುದರಿಂದ, ಆ ತಿಳುವಳಿಕೆಯ ಸಂದೇಶವೊಂದೇ ನಮ್ಮ ಕಾವಲುಗಾರ. ನನಗೂ ಆ ಸಂದೇಶಗಳು ಬಂದಿದ್ದವು. ಸಾಲ ಕೊಡುತ್ತೇವೆ, ನಿವೇಶನ ಕೊಡುತ್ತೇವೆ ಎಂಬ ನೂರು ಸಂದೇಶಗಳ ನಡುವೆ ಅವನ್ನು ಓದದೆ ಬಿಟ್ಟವನು ನಾನು. 2023ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರವು ಗ್ರಾಹಕನನ್ನು ವಂಚಿಸುವ ಹದಿಮೂರು ರೀತಿಗಳನ್ನು ಹೆಸರಿಸಿ ನಿಷೇಧಿಸಿತು. ಚಂದಾ ರದ್ದು ಮಾಡುವ ದಾರಿಯನ್ನು ಬೇಕೆಂದೇ ತೊಡಕು ಮಾಡುವುದು ಅವುಗಳಲ್ಲೊಂದು. ಅಂಥದು ಕಂಡರೆ 1915 ಎಂಬ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ಇಷ್ಟರಿಂದ ಎಲ್ಲ ಚಂದಾಗಳನ್ನೂ ಕಿತ್ತೊಗೆಯಿರೆಂದು ನನ್ನ ಅಭಿಪ್ರಾಯವಲ್ಲ. ಮೊಣಕಾಲು ನೋವಿನಿಂದ ಹೊರಗೆ ಹೋಗಲಾರದ ವೃದ್ಧಮಾತೆಗೆ ಸಂಜೆಯ ಧಾರಾವಾಹಿ ವ್ಯರ್ಥವೆನ್ನುವುದು ಕ್ರೌರ್ಯ. ಆದರೆ ಒಂದೇ ಕಾಲಕ್ಕೆ ನಾಲ್ಕು ಓಟಿಟಿಗಳು ಯಾವ ಮನೆಗೂ ಬೇಡ. ಒಂದನ್ನು ಒಂದು ತಿಂಗಳು ಪಡೆದು, ನೋಡಬೇಕಾದುದನ್ನು ನೋಡಿ, ಮುಂದಿನ ಸಾರಿ ಇನ್ನೊಂದನ್ನು ಪಡೆಯಬಹುದು. ಸಾಮಾನ್ಯವಾಗಿ ರದ್ದು ಮಾಡಿದ ಮೇಲೂ ಕೊಟ್ಟ ಹಣದ ಅವಧಿ ಮುಗಿಯುವವರೆಗೆ ನೋಡಲು ಅಡ್ಡಿಯಿರುವುದಿಲ್ಲವಾದ್ದರಿಂದ, ಪಡೆದ ದಿನವೇ ರದ್ದು ಮಾಡಿಡುವುದು ಮರೆಗುಳಿಗಳಿಗೆ ಕ್ಷೇಮ. ಮೊಬೈಲ್ ರೀಚಾರ್ಜಿನ ಜೊತೆಯಲ್ಲಿಯೇ ಬಂದಿರುವ ಓಟಿಟಿಗೆ ಬೇರೆಯಾಗಿ ಹಣ ಕಟ್ಟುತ್ತಿರುವ ಮನೆಗಳೂ ಇವೆ, ನಮ್ಮದೂ ಅಂಥದೊಂದಾಗಿತ್ತು. ದೂರದರ್ಶನದ ಡಿಡಿ ಫ್ರೀ ಡಿಶ್‌ಗೆ ಪೆಟ್ಟಿಗೆಯನ್ನು ಕೊಂಡ ಮೇಲೆ ತಿಂಗಳ ಚಂದಾ ಇಲ್ಲವೆಂಬುದನ್ನು ವಿದ್ಯಾವಂತರೇ ಮರೆತಂತಿದೆ. ಇನ್ನು ಕನ್ನಡ ಪತ್ರಿಕೆಗಳ ಚಂದಾವನ್ನು ಮಾತ್ರ ಯಾರೂ ನಿಲ್ಲಿಸಬಾರದೆಂಬುದು ನನ್ನ ಪಕ್ಷಪಾತ. ಪಂಡಿತನಿಗೆ ಅಷ್ಟು ಸ್ವಾತಂತ್ರ್ಯವಿರಲಿ.

ನಮ್ಮ ಮನೆಯಲ್ಲಿ ಈಗ ಅಡುಗೆಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದೆ. ಯಾವುದಕ್ಕೆ, ಯಾರ ಮೊಬೈಲಿನಿಂದ, ಎಷ್ಟು, ಯಾವ ದಿನಾಂಕಕ್ಕೆ ಎಂಬ ನಾಲ್ಕು ಅಂಕಣಗಳು. ಬರೆಯುವವಳು ನನ್ನ ಶ್ರೀಮತಿ; ನನ್ನ ಮೇಲೆ ನಂಬಿಕೆ ಉಳಿದಿಲ್ಲವೆಂದು ಆಕೆಯ ವಾದ. ಪಾಠದ ಆ್ಯಪು 4,788, ಎರಡೆರಡು ಸಾರಿ ಕಟ್ಟುತ್ತಿದ್ದ ಓಟಿಟಿ 1,499, ಯಾರೂ ಕೇಳದ ಸಂಗೀತ 1,428, ಈ ಮೂರನ್ನು ಹೊಡೆದುಹಾಕಿದ್ದರಿಂದ ವರ್ಷಕ್ಕೆ 7,715 ರೂಪಾಯಿ ಉಳಿಯಿತು.

ಶ್ರಾವಣದಲ್ಲಿ ಪ್ರಸಾದ ನಿಲಯದ ಹಣವನ್ನು ಒಯ್ದು ಸಲ್ಲಿಸಿದೆ. ಕಾರ್ಯದರ್ಶಿಗಳು ರಸೀದಿ ಬರೆಯುತ್ತ, “ಇನ್ನು ಮುಂದೆ ಪ್ರತಿ ವರ್ಷ ಇದೇ ದಿನ ತಮ್ಮ ಖಾತೆಯಿಂದ ತಾನಾಗಿ ಬರುವ ಹಾಗೆ ಮಾಡಿಬಿಡೋಣವೆ, ಪಂಡಿತರೆ?” ಎಂದು ಕೇಳಿದರು. “ಬೇಡಿ, ನಾನೇ ನಡೆದು ಬರುತ್ತೇನೆ” ಎಂದೆ.