ಗಣಕಯಂತ್ರವು ಕಾಯುವ ಬಗೆ

ಅನ್ನ ಬೇಯುವಾಗ ಜಾಣನಾದ ಅಡಿಗೆಯವನು ಕೈಕಟ್ಟಿ ನಿಲ್ಲುವುದಿಲ್ಲ, ತರಕಾರಿ ಹೆಚ್ಚುತ್ತಾನೆ. ಗಣಕಯಂತ್ರಕ್ಕೂ ಇದೇ ನೀತಿ ಹಿತವಾದುದು. ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಪ್ರೊಸೆಸರ್, ದೂರದ ಯಂತ್ರದ ಉತ್ತರಕ್ಕಾಗಿ ಸೆಕೆಂಡಿನ ಹತ್ತನೆಯ ಒಂದು ಪಾಲು ಸುಮ್ಮನೆ ಕಾದರೂ 30 ಕೋಟಿ ಮಿಡಿತಗಳು ವ್ಯರ್ಥವಾಗುತ್ತವೆ.

ಇದನ್ನು ತಪ್ಪಿಸಲೆಂದು ರಸ್ಟ್ ಎಂಬ ಗಣಕಭಾಷೆಗೆ 2019ರ ನವೆಂಬರಿನಲ್ಲಿ ‘ಅಸಿಂಕ್’, ‘ಅವೇಟ್’ ಎಂಬ ಪದಗಳು ಸೇರಿದವು. ‘ಅವೇಟ್’ ಎಂಬಲ್ಲಿ ಕಾಯಬೇಕಾಗಿ ಬಂದ ಕಾರ್ಯವು ತನ್ನ ಸರದಿಯನ್ನು ಮತ್ತೊಂದಕ್ಕೆ ಬಿಟ್ಟುಕೊಡುತ್ತದೆ. ಆಜ್ಞೆಗಳು ಒಂದಾದ ಮೇಲೊಂದು ನಡೆಯುವ ಸಾಲಿಗೆ ‘ಎಳೆ’ ಎಂದು ಹೆಸರು. ಹೀಗೆ ಒಂದೇ ಎಳೆಯಲ್ಲಿ ಸಾವಿರಾರು ಕಾರ್ಯಗಳು ಸಾಗಬಲ್ಲವು.

ತೊಡಕಿರುವುದೂ ಇಲ್ಲಿಯೇ. ಸರದಿಯನ್ನು ಕಾರ್ಯವು ತಾನಾಗಿ ಬಿಡಬೇಕೇ ಹೊರತು ಕಸಿದುಕೊಳ್ಳುವವರಿಲ್ಲ. ‘ಅವೇಟ್’ ಬಳಸದೆ, ಎಳೆಯನ್ನೇ ತಡೆಯುವ ‘ಸ್ಲೀಪ್’ ಆಜ್ಞೆಯಿಂದ ಪ್ರತಿಯೊಂದು ಕಾರ್ಯವೂ 1 ಸೆಕೆಂಡು ನಿದ್ರಿಸಿತೆನ್ನೋಣ. ಒಬ್ಬನೇ ಪರೀಕ್ಷಿಸುವಾಗ ದೋಷ ತೋರದು. 100 ಮಂದಿ ಒಮ್ಮೆಗೇ ಬಂದರೆ ಕೊನೆಯವನು 100 ಸೆಕೆಂಡು ಕಾಯಬೇಕಾಗುತ್ತದೆ. ‘ಅವೇಟ್’ನೊಡನೆ ಕಾದಿದ್ದರೆ ಎಲ್ಲರ ಕೆಲಸವೂ ಸುಮಾರು 1 ಸೆಕೆಂಡಿನಲ್ಲಿಯೇ ಮುಗಿಯುತ್ತಿತ್ತು!

ಮೆಮೊರಿಯ ದುರ್ಬಳಕೆಯನ್ನು ಕಟ್ಟುನಿಟ್ಟಾಗಿ ತಡೆಯುವ ರಸ್ಟಿನ ಕಂಪೈಲರು ಈ ದೋಷವನ್ನು ಗುರುತಿಸದು. ಆದುದರಿಂದ ದೀರ್ಘವಾದ ಲೆಕ್ಕಾಚಾರವನ್ನೂ ಎಳೆಯನ್ನು ತಡೆಯುವ ಕೆಲಸಗಳನ್ನೂ ಪ್ರತ್ಯೇಕ ಎಳೆಗೆ ಒಪ್ಪಿಸುವ ಎಚ್ಚರವು ಪ್ರೋಗ್ರಾಮನ್ನು ಬರೆಯುವವರಿಗೇ ಇರತಕ್ಕದ್ದು.